ಕೊಡಗಿನಲ್ಲಿ ಎಳೆಯ ಮಕ್ಕಳ ವೈರಾಣುಜನ್ಯ ಅತಿಸಾರ

ವೈರಾಣುಜನ್ಯ ಅತಿಸಾರವು ರೋಟಾವೈರಸ್, ನೊರೊವೈರಸ್, ಕರುಳಿನ ಅಡಿನೊವೈರಸ್, ಆಸ್ಟ್ರೊವೈರಸ್ ಮತ್ತು ಸಪೊವೈರಸ್ ಎಂಬ ವೈರಾಣುಗಳಿಂದ ಬರುವ ಕರುಳಿನ ಸೋಂಕು. ಇದು ಮುಖ್ಯವಾಗಿ ಐದು ವರ್ಷದೊಳಗಿನ, ಅದರಲ್ಲಿಯೂ ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳನ್ನು ಬಾಧಿಸುತ್ತದೆ. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಮಲವು ನೀರಾಗಿ ಹೋದರೆ ಅದನ್ನು ಅತಿಸಾರವೆಂದೂ, ಅದು ಹದಿನಾಲ್ಕು ದಿನಗಳೊಳಗೆ ನಿಂತರೆ ತೀವ್ರ ಅತಿಸಾರವೆಂದೂ ವೈದ್ಯಶಾಸ್ತ್ರದಲ್ಲಿ ಕರೆಯಲಾಗುತ್ತದೆ. ಆಡುಮಾತಿನಲ್ಲಿ ಇದು ವಾಂತಿ-ಭೇದಿ. ಮಗುವಿನ ಪ್ರಾಣಕ್ಕೆ ಅಪಾಯ ಒದಗುವುದು ವೈರಾಣುವಿನಿಂದ ನೇರವಾಗಿ ಅಲ್ಲ. ದೇಹದ ನೀರು ಮತ್ತು ಲವಣಗಳು ಬರಿದಾಗುವುದರಿಂದ.

ಕರ್ನಾಟಕದ ನೈರುತ್ಯ ಭಾಗದಲ್ಲಿರುವ ಕೊಡಗು ಜಿಲ್ಲೆಯಲ್ಲಿ ವಾಂತಿ-ಭೇದಿಯನ್ನು ಸಾಮಾನ್ಯವಾಗಿ ಮಳೆಗಾಲದ ಕಾಯಿಲೆಯೆಂದೇ ತಿಳಿಯಲಾಗುತ್ತದೆ. ಕಲುಷಿತ ನೀರಿನಿಂದ ಬರುವ ಬ್ಯಾಕ್ಟೀರಿಯಾ ಸೋಂಕುಗಳ ಮಟ್ಟಿಗೆ ಈ ತಿಳಿವಳಿಕೆ ಬಹುಮಟ್ಟಿಗೆ ಸರಿ. ಆದರೆ ಎಳೆಯ ಮಕ್ಕಳಲ್ಲಿ ತೀವ್ರ ಅತಿಸಾರಕ್ಕೆ ಪ್ರಮುಖ ಕಾರಣವಾದ ರೋಟಾವೈರಸ್ ಭಾರತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಯ, ಒಣಹವೆಯ ತಿಂಗಳುಗಳಲ್ಲಿ. ಕೊಡಗಿನಲ್ಲಿ ಅದು ಕಾಫಿ ಕುಯ್ಲಿನ ಕಾಲ.

ಜಿಲ್ಲೆಯ ಹಿನ್ನೆಲೆ

ಕೊಡಗು ಪಶ್ಚಿಮ ಘಟ್ಟಗಳ ಮಡಿಲಲ್ಲಿರುವ, ಸುಮಾರು 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಜಿಲ್ಲೆ. 2011ರ ಜನಗಣತಿಯಂತೆ ಇದರ ಜನಸಂಖ್ಯೆ 5,54,519. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಮತ್ತು ಪೊನ್ನಂಪೇಟೆ ಇಲ್ಲಿನ ತಾಲ್ಲೂಕುಗಳು. ಮನೆಗಳು ಒತ್ತಾಗಿ ಸೇರಿದ ಊರುಗಳು ಕಡಿಮೆ. ತೋಟಗಳ ನಡುವೆ ಒಂದೊಂದಾಗಿ ಚದುರಿದ ಮನೆಗಳೇ ಹೆಚ್ಚು. ಕುಡಿಯುವ ನೀರಿಗೆ ಬಾವಿ, ಕೊಳವೆಬಾವಿ, ಒರತೆ ಮತ್ತು ತೋಡುಗಳನ್ನು ನೆಚ್ಚಿಕೊಂಡಿರುವ ಕುಟುಂಬಗಳು ಅನೇಕ. ಮಳೆಗಾಲದಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ರಸ್ತೆ ಮುಳುಗುವುದು, ಕೆಲವು ಗ್ರಾಮಗಳ ಸಂಪರ್ಕ ಕಡಿಯುವುದು ವರ್ಷವರ್ಷವೂ ಸುದ್ದಿಯಾಗುವ ಸಂಗತಿ. ಹೀಗಾಗಿ ಆಸ್ಪತ್ರೆಯ ದೂರವು ಇಲ್ಲಿ ಕಿಲೋಮೀಟರುಗಳ ಪ್ರಶ್ನೆ ಮಾತ್ರವಾಗಿರದೆ, ಹವೆ ಹಾಗೂ ವಾಹನದ ಪ್ರಶ್ನೆಯೂ ಆಗಿರುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯು ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಗಿದೆ.

ಮಕ್ಕಳ ಸೋಂಕಿನ ದೃಷ್ಟಿಯಿಂದ ಎರಡು ಬಗೆಯ ವಸತಿಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳು. ಉದ್ದನೆಯ ಸಾಲಿನಲ್ಲಿ ಗೋಡೆಗೆ ಗೋಡೆ ಸೇರಿಸಿ ಕಟ್ಟಿದ ಈ ಮನೆಗಳಲ್ಲಿ ನೀರಿನ ನಲ್ಲಿಯೂ ಶೌಚಾಲಯವೂ ಹಲವು ಕಡೆ ಸಾಲಿಗೆಲ್ಲ ಸಾಮಾನ್ಯವಾಗಿರುತ್ತವೆ. ಎರಡನೆಯದು ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಬುಡಕಟ್ಟು ಜನರ ಹಾಡಿಗಳು. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಪರಿಶಿಷ್ಟ ಪಂಗಡಗಳದು. ರೋಟಾವೈರಸ್ ಬಡವರ ಮನೆ, ಉಳ್ಳವರ ಮನೆ ಎಂಬ ಭೇದವಿಲ್ಲದೆ ಬಹುತೇಕ ಎಲ್ಲ ಮಕ್ಕಳಿಗೂ ತಗಲುತ್ತದೆ. ತಗಲಿದ ಮಗು ಬದುಕುವುದೋ ಇಲ್ಲವೋ ಎಂಬುದರಲ್ಲಿ ಮಾತ್ರ ಪೌಷ್ಟಿಕತೆ, ರಸ್ತೆ ಮತ್ತು ಆಸ್ಪತ್ರೆಗಳ ವ್ಯತ್ಯಾಸ ಎದ್ದು ಕಾಣುತ್ತದೆ.

ಕಾರಣವಾಗುವ ವೈರಾಣುಗಳು

ರೋಟಾವೈರಸ್

1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಸಹೋದ್ಯೋಗಿಗಳು ಅತಿಸಾರದಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಈ ವೈರಾಣುವನ್ನು ಗುರುತಿಸಿದರು. ಅದಕ್ಕೂ ಮೊದಲು ಆಸ್ಪತ್ರೆ ಸೇರಿದ ಬಹುಪಾಲು ಮಕ್ಕಳ ಭೇದಿಗೆ ಕಾರಣವೇ ತಿಳಿಯುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಇದು ಅರೆಕಾಲುಗಳುಳ್ಳ ಚಕ್ರದಂತೆ ಕಾಣುವುದರಿಂದ, ಚಕ್ರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಹೆಸರು ಬಂದಿತು.

ಇದರ ವಂಶವಾಹಿ ವಸ್ತು ಎರಡೆಳೆಯ ಆರ್‌ಎನ್‌ಎ. ಅದು ಹನ್ನೊಂದು ಪ್ರತ್ಯೇಕ ತುಂಡುಗಳಲ್ಲಿದ್ದು, ಮೂರು ಪದರಗಳ ಪ್ರೋಟೀನ್ ಕವಚದೊಳಗೆ ಅಡಕವಾಗಿದೆ. ಹೊರಪದರದ ವಿಪಿ7 ಮತ್ತು ವಿಪಿ4 ಎಂಬ ಪ್ರೋಟೀನುಗಳ ಆಧಾರದಿಂದ ವೈರಾಣುವಿನ ಬಗೆಗಳನ್ನು ಕ್ರಮವಾಗಿ ಜಿ ಮತ್ತು ಪಿ ಅಕ್ಷರಗಳಿಂದ ಸೂಚಿಸಲಾಗುತ್ತದೆ. ಒಂದೇ ಜೀವಕೋಶಕ್ಕೆ ಎರಡು ಬಗೆಯ ರೋಟಾವೈರಸ್‌ಗಳು ಒಮ್ಮೆಗೇ ಹೊಕ್ಕರೆ, ಇಸ್ಪೀಟು ಎಲೆಗಳನ್ನು ಕಲಸಿದಂತೆ ಅವುಗಳ ತುಂಡುಗಳು ಬೆರೆತು ಹೊಸ ಬಗೆ ಹುಟ್ಟಬಹುದು. ದನಕರುಗಳ ರೋಟಾವೈರಸ್ ಮನುಷ್ಯರ ವೈರಾಣುವಿನೊಡನೆ ಹೀಗೆ ಬೆರೆತ ಉದಾಹರಣೆ ಕರ್ನಾಟಕದಲ್ಲಿಯೇ ದೊರೆತಿದೆ. ಅದರ ವಿವರ ಮುಂದೆ ಇದೆ.

ಸೋಂಕು ತಗಲಿದ ಸುಮಾರು ಎರಡು ದಿನಗಳಲ್ಲಿ ಜ್ವರ ಮತ್ತು ವಾಂತಿ ಆರಂಭವಾಗಿ, ಅನಂತರ ನೀರಿನಂಥ ಭೇದಿ ಮೂರರಿಂದ ಎಂಟು ದಿನ ಇರುತ್ತದೆ. ಲಸಿಕೆ ಬರುವ ಮೊದಲು, ಭಾರತದಲ್ಲಿ ಅತಿಸಾರದಿಂದ ಆಸ್ಪತ್ರೆ ಸೇರುತ್ತಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಯ ಮಲದಲ್ಲಿ ರೋಟಾವೈರಸ್ ಕಂಡುಬರುತ್ತಿತ್ತು. ದೇಶದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಇದರಿಂದ ಸಾಯುತ್ತಿದ್ದರೆಂದೂ, 8.7 ಲಕ್ಷ ಮಕ್ಕಳು ಆಸ್ಪತ್ರೆಗೆ ದಾಖಲಾಗುತ್ತಿದ್ದರೆಂದೂ 2014ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ.

ನೊರೊವೈರಸ್

1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಹಬ್ಬಿದ ವಾಂತಿಯ ಕಾಯಿಲೆಯಿಂದ ಈ ಹೆಸರು ಬಂದಿದೆ. ಆಗ ಸಂಗ್ರಹಿಸಿದ ಮಾದರಿಯಿಂದ 1972ರಲ್ಲಿ ಆಲ್ಬರ್ಟ್ ಕಪಿಕಿಯಾನ್ ವೈರಾಣುವನ್ನು ಕಂಡರು. ಸೋಂಕು ತಗಲಿದ 12ರಿಂದ 48 ಗಂಟೆಗಳೊಳಗೆ ಹಠಾತ್ತಾಗಿ ವಾಂತಿ ಶುರುವಾಗುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಇಳಿಯುತ್ತದೆ. ಮಕ್ಕಳಷ್ಟೇ ಅಲ್ಲದೆ ದೊಡ್ಡವರೂ ಇದಕ್ಕೆ ತುತ್ತಾಗುತ್ತಾರೆ. ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಎರಡು ದಿನದ ಅಂತರದಲ್ಲಿ ಮಲಗಿದರೆ ನೊರೊವೈರಸ್‌ ಎಂದು ಶಂಕಿಸಲು ಅವಕಾಶವಿದೆ. ವಸತಿನಿಲಯ, ಮದುವೆಯ ಊಟ, ಪರಿಹಾರ ಶಿಬಿರಗಳಂಥ ಜನ ಒಟ್ಟಾಗುವ ಸ್ಥಳಗಳು ಇದು ಹಬ್ಬಲು ತಕ್ಕವು. ಕುಟ್ಟದ ಗಡಿಯಾಚೆ ಕೊಡಗಿಗೆ ಹೊಂದಿಕೊಂಡಿರುವ ಕೇರಳದ ವಯನಾಡು ಜಿಲ್ಲೆಯ ಪೂಕೋಡಿನಲ್ಲಿ 2021ರ ನವೆಂಬರ್‌ನಲ್ಲಿ ಪಶುವೈದ್ಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ನೊರೊವೈರಸ್ ವರದಿಯಾದಾಗ ಈ ಹೆಸರು ಗಡಿಯ ಈಚೆಗೂ ಪರಿಚಿತವಾಯಿತು. ಇದಕ್ಕೆ ಸದ್ಯ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಇತರ ವೈರಾಣುಗಳು

ಅಡಿನೊವೈರಸ್‌ಗಳಲ್ಲಿ 40 ಮತ್ತು 41ನೆಯ ಬಗೆಗಳು ಕರುಳಿಗೆ ತಗಲುವಂಥವು. ಇವುಗಳ ವಂಶವಾಹಿ ವಸ್ತು ಡಿಎನ್‌ಎ. ಸೋಂಕು ತಗಲಿ ಎಂಟು-ಹತ್ತು ದಿನಗಳ ಮೇಲೆ ಲಕ್ಷಣಗಳು ತೋರುತ್ತವೆ, ಭೇದಿ ವಾರದಾಚೆಗೂ ಮುಂದುವರಿಯಬಹುದು. ಹಳೆಯ ಪರೀಕ್ಷಾ ವಿಧಾನಗಳಲ್ಲಿ ಇವು ಅಷ್ಟಾಗಿ ಸಿಕ್ಕಿರಲಿಲ್ಲ. ಕೋಲ್ಕತ್ತವೂ ಸೇರಿದಂತೆ ಏಷ್ಯಾ ಮತ್ತು ಆಫ್ರಿಕಾದ ಏಳು ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನದ ಮಾದರಿಗಳನ್ನು ಸೂಕ್ಷ್ಮ ಆಣ್ವಿಕ ವಿಧಾನದಿಂದ ಮರುಪರೀಕ್ಷಿಸಿದಾಗ, ಇವು ಮುಖ್ಯ ಕಾರಣಗಳ ಸಾಲಿಗೆ ಬಂದವು. ಆಸ್ಟ್ರೊವೈರಸ್ ಮತ್ತು ಸಪೊವೈರಸ್‌ಗಳಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಸೌಮ್ಯ.

ರೋಗವುಂಟಾಗುವ ಬಗೆ

ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಂಥ ಅಸಂಖ್ಯ ಸೂಕ್ಷ್ಮ ಚಾಚಿಕೆಗಳಿವೆ. ಅವುಗಳ ತುದಿಯಲ್ಲಿರುವ ಬಲಿತ ಕೋಶಗಳು ಆಹಾರವನ್ನೂ ನೀರನ್ನೂ ಹೀರುತ್ತವೆ. ಬುಡದ ಕೋಶಗಳು ದ್ರವವನ್ನು ಸ್ರವಿಸುತ್ತವೆ. ರೋಟಾವೈರಸ್ ತುದಿಯ ಕೋಶಗಳನ್ನು ಹಾಳುಮಾಡುತ್ತದೆ. ಹೀರುವುದು ಕುಗ್ಗಿ ಸ್ರವಿಸುವುದು ಮುಂದುವರಿಯುವುದರಿಂದ ನೀರು ಕರುಳಿನಲ್ಲಿಯೇ ಉಳಿದು ಹೊರಗೆ ಹೋಗುತ್ತದೆ. ಇದಲ್ಲದೆ ವೈರಾಣು ತಯಾರಿಸುವ ಎನ್‌ಎಸ್‌ಪಿ4 ಎಂಬ ಪ್ರೋಟೀನು ವಿಷದಂತೆ ವರ್ತಿಸಿ ಸ್ರಾವವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವೂ ತುದಿಯ ಕೋಶಗಳಲ್ಲಿಯೇ ಇರುವುದರಿಂದ ಕೆಲವು ಮಕ್ಕಳಿಗೆ ಕೆಲದಿನ ಹಾಲು ಸರಿಯಾಗಿ ಅರಗದಿರಬಹುದು. ಆದರೆ ಇದು ತಾಯಿಯ ಹಾಲನ್ನು ನಿಲ್ಲಿಸಲು ಕಾರಣವಾಗಬಾರದು.

ಬುಡದಿಂದ ಹೊಸ ಕೋಶಗಳು ಮೇಲೇರಿ ಬಂದು ಕೆಲವೇ ದಿನಗಳಲ್ಲಿ ಕರುಳು ತಾನಾಗಿಯೇ ದುರಸ್ತಿಗೊಳ್ಳುತ್ತದೆ. ಆದ್ದರಿಂದ ಚಿಕಿತ್ಸೆಯ ಉದ್ದೇಶ ವೈರಾಣುವನ್ನು ಕೊಲ್ಲುವುದಲ್ಲ. ಕರುಳು ಸರಿಹೋಗುವ ತನಕ ಮಗುವಿನ ಮೈಯಲ್ಲಿ ನೀರನ್ನು ಉಳಿಸಿಕೊಳ್ಳುವುದು ಅದರ ಗುರಿ.

ಹರಡುವಿಕೆ ಮತ್ತು ಋತುಮಾನ

ಸೋಂಕಿತ ಮಗುವಿನ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ವೈರಾಣುಗಳಿರುತ್ತವೆ. ಹೊಸಬರಿಗೆ ಸೋಂಕು ತಗಲಲು ನೂರಕ್ಕಿಂತ ಕಡಿಮೆ ವೈರಾಣುಗಳು ಸಾಕು. ಈ ಲೆಕ್ಕದ ಮುಂದೆ ಕಣ್ಣಿಗೆ ಕಾಣುವ ಸ್ವಚ್ಛತೆ ಸಾಲುವುದಿಲ್ಲ. ವೈರಾಣುಗಳು ಕೈ, ಆಟಿಕೆ, ಬಟ್ಟೆ, ಪಾತ್ರೆ, ಬಾಗಿಲ ಚಿಲಕಗಳ ಮೇಲೆ ಹಲವು ದಿನ ಉಳಿಯಬಲ್ಲವು. ಸೋಂಕು ನೀರಿನಿಂದಲೂ ಬರಬಹುದು, ಆದರೆ ರೋಟಾವೈರಸ್ ಮುಖ್ಯವಾಗಿ ಕೈಯಿಂದ ಕೈಗೆ, ಕೈಯಿಂದ ಬಾಯಿಗೆ ದಾಟುತ್ತದೆ. ಶುದ್ಧ ನಲ್ಲಿ ನೀರಿರುವ ಶ್ರೀಮಂತ ದೇಶಗಳಲ್ಲಿಯೂ ಲಸಿಕೆಗೆ ಮೊದಲು ಬಹುತೇಕ ಪ್ರತಿಯೊಂದು ಮಗುವಿಗೂ ಐದು ವರ್ಷದೊಳಗೆ ಇದು ತಗಲುತ್ತಿತ್ತೆಂಬುದು ಇದಕ್ಕೆ ಸಾಕ್ಷಿ.

ಉತ್ತರ ಭಾರತದಲ್ಲಿ ರೋಟಾವೈರಸ್ಸಿನ ಚಳಿಗಾಲದ ಏರಿಕೆ ಸ್ಪಷ್ಟವಾಗಿರುತ್ತದೆ. ದಕ್ಷಿಣದಲ್ಲಿ ವರ್ಷವಿಡೀ ಒಂದಿಷ್ಟು ಪ್ರಕರಣಗಳಿದ್ದು, ತಂಪಿನ ತಿಂಗಳುಗಳಲ್ಲಿ ಹೆಚ್ಚುತ್ತವೆ. ಕೊಡಗಿನ ವಾರ್ಷಿಕ ಲಯದೊಡನೆ ಇದನ್ನು ಹೊಂದಿಸಿ ನೋಡುವುದು ಉಪಯುಕ್ತ. ಅರೇಬಿಕಾ ಕಾಫಿಯ ಕುಯ್ಲು ನವೆಂಬರ್-ಡಿಸೆಂಬರ್ ಹೊತ್ತಿಗೆ ಆರಂಭವಾಗಿ, ರೋಬಸ್ಟಾದ ಕುಯ್ಲು ಫೆಬ್ರವರಿ-ಮಾರ್ಚ್‌ವರೆಗೆ ನಡೆಯುತ್ತದೆ. ರಾಜ್ಯದ ಇತರ ಜಿಲ್ಲೆಗಳಿಂದಲೂ ಅಸ್ಸಾಂ, ತಮಿಳುನಾಡು ಮೊದಲಾದ ರಾಜ್ಯಗಳಿಂದಲೂ ಕಾರ್ಮಿಕರು ಕುಟುಂಬಸಮೇತ ಬಂದು ಲೈನ್ ಮನೆಗಳಲ್ಲಿ ತಂಗುತ್ತಾರೆ. ಹಾಲು ಕುಡಿಯುವ ಕೂಸುಗಳು ತೋಟದಲ್ಲಿ ತಾಯಂದಿರ ಬಳಿಯೋ, ಸಾಲಿನ ಮನೆಗಳಲ್ಲಿ ಅಕ್ಕಂದಿರ ಕೈಯಲ್ಲಿಯೋ ದಿನ ಕಳೆಯುತ್ತವೆ. ಹಗಲಿನಲ್ಲಿ ಕೈತೊಳೆಯಲು ನೀರು, ಸೋಪು ಬಳಿಯಲ್ಲಿರುವುದು ಅಪರೂಪ. ವೈರಾಣುವಿಗೆ ಅನುಕೂಲವಾದ ಹವೆ, ಒತ್ತಾದ ವಸತಿ ಮತ್ತು ಬೇರೆ ಬೇರೆ ಊರುಗಳ ಎಳೆಯ ಮಕ್ಕಳು ಒಂದೆಡೆ ಸೇರುವ ಕಾಲವೆಂಬ ಮೂರೂ ಇಲ್ಲಿ ಒಂದೇ ಅವಧಿಗೆ ಬೀಳುತ್ತವೆ. ಕೇಂದ್ರ ಸರಕಾರವು 2014ರಿಂದ ನಡೆಸಿಕೊಂಡು ಬಂದಿರುವ ಅತಿಸಾರ ನಿಯಂತ್ರಣದ ಅಭಿಯಾನಗಳು ಬಹುತೇಕ ಬೇಸಿಗೆಯ ಕೊನೆಗೆ ಅಥವಾ ಮಳೆಗಾಲದ ಆರಂಭಕ್ಕೆ ನಡೆಯುತ್ತವೆ. ಮಳೆಗಾಲದ ರೋಗಗಳಿಗೆ ಅದು ಸರಿಯಾದ ಕಾಲ. ಆದರೆ ಕೊಡಗಿನಂಥ ಜಿಲ್ಲೆಯಲ್ಲಿ ಕುಯ್ಲಿಗೆ ಮುಂಚೆ ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರ ಬಳಿ ಓ.ಆರ್.ಎಸ್. ಪೊಟ್ಟಣಗಳ ದಾಸ್ತಾನು ಇರುವುದು ಅಷ್ಟೇ ಅಗತ್ಯ.

ಕುಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಪಲ್ಪಿಂಗ್‌ನಿಂದ ಹೊರಬರುವ ನೀರು ತೋಡುಗಳಿಗೆ ಸೇರುವುದನ್ನು ಕುರಿತ ದೂರುಗಳೂ ಕೇಳಿಬರುತ್ತವೆ. ಅದು ನೀರನ್ನು ಕೆಡಿಸುವುದು ನಿಜವಾದರೂ ಮಕ್ಕಳ ವೈರಾಣುಜನ್ಯ ಭೇದಿಯ ಮೂಲ ಅದಲ್ಲ. ಈ ವೈರಾಣುಗಳು ಮಲದಿಂದ ಬರುತ್ತವೆ.

ಮಳೆಗಾಲವನ್ನು ಹಾಗೆಂದು ಕಡೆಗಣಿಸುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಅತಿವೃಷ್ಟಿ ಮತ್ತು ಭೂಕುಸಿತಗಳಿಂದ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳ ಸಾವಿರಾರು ಜನ ಮನೆ ತೊರೆದು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ಇಂಥ ಕೇಂದ್ರಗಳಲ್ಲಿ ನೊರೊವೈರಸ್, ರೋಟಾವೈರಸ್‌ಗಳೆರಡರ ಭಯವೂ ಇರುತ್ತದೆ. ಆ ವರ್ಷ ಕರ್ನಾಟಕದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ರೋಟಾವೈರಸ್ ಲಸಿಕೆ ಇನ್ನೂ ಸೇರಿರಲಿಲ್ಲ.

ಕರ್ನಾಟಕದಲ್ಲಿ ಸಂಶೋಧನೆ

ರೋಟಾವೈರಸ್ ಅಧ್ಯಯನದಲ್ಲಿ ಕರ್ನಾಟಕಕ್ಕೆ ಗಮನಾರ್ಹ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ತಂಡವು 1988ರಿಂದ 1994ರವರೆಗೆ ಬೆಂಗಳೂರು ಹಾಗೂ ಕೊಡಗಿನ ನೆರೆಯ ಮೈಸೂರಿನ ಮಕ್ಕಳಿಂದ ಮಾದರಿಗಳನ್ನು ಸಂಗ್ರಹಿಸಿ ವೈರಾಣುವಿನ ಬಗೆಗಳನ್ನು ಅಭ್ಯಸಿಸಿತು. ಆಗ ಬಳಸಿದ ವಿಧಾನಗಳಲ್ಲೊಂದು ಸರಳವೂ ಸ್ವಾರಸ್ಯಕರವೂ ಆದದ್ದು: ವೈರಾಣುವಿನ ಆರ್‌ಎನ್‌ಎಯನ್ನು ಜೆಲ್ಲಿಯಂಥ ಮಾಧ್ಯಮದಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ಹನ್ನೊಂದು ತುಂಡುಗಳೂ ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಗೆರೆಗಳಾಗಿ ನಿಲ್ಲುತ್ತವೆ. ಆ ಗೆರೆಗಳ ವಿನ್ಯಾಸವನ್ನು ನೋಡಿ ಎರಡು ಮಕ್ಕಳಿಗೆ ತಗಲಿದ ವೈರಾಣು ಒಂದೇ ಬಗೆಯದೋ ಅಲ್ಲವೋ ಎಂದು ಹೋಲಿಸಬಹುದು.

ಇದೇ ತಂಡವು ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ನವಜಾತ ಶಿಶುಗಳ ಮಲದಲ್ಲಿ ರೋಟಾವೈರಸ್ಸನ್ನು ಕಂಡಿತು. ಆದರೆ ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ. ಐ321 ಎಂದು ಹೆಸರಿಸಲಾದ ಈ ತಳಿಯ ಹೊರಪದರದ ಎರಡೂ ಪ್ರೋಟೀನುಗಳು ದನಗಳ ರೋಟಾವೈರಸ್ಸಿನವನ್ನು ಬಹಳವಾಗಿ ಹೋಲುತ್ತಿದ್ದವೆಂದು 1993ರಲ್ಲಿ ಪ್ರಕಟವಾಯಿತು. ದನದಿಂದ ಮನುಷ್ಯನಿಗೆ ದಾಟಿದ, ಆದರೆ ಕಾಯಿಲೆ ತಾರದ ವೈರಾಣುವೆಂಬ ಕಾರಣದಿಂದ ಇದನ್ನು ಲಸಿಕೆಯಾಗಿ ಬಳಸಬಹುದೆಂಬ ಆಸೆ ಹುಟ್ಟಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮಹಾರಾಜ ಕಿಶನ್ ಭಾನ್ ಅವರ ತಂಡಕ್ಕೆ 1980ರ ದಶಕದಲ್ಲಿ ಹೀಗೆಯೇ ನವಜಾತ ಶಿಶುಗಳಲ್ಲಿ ಸಿಕ್ಕಿದ್ದ 116ಇ ಎಂಬ ತಳಿಯೊಡನೆ ಐ321 ಅನ್ನೂ ಭಾರತೀಯ ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಬೆಂಗಳೂರಿನ ತಳಿಯು ನಿರೀಕ್ಷಿಸಿದಷ್ಟು ರೋಗನಿರೋಧಕ ಶಕ್ತಿಯನ್ನು ಉದ್ದೀಪಿಸಲಿಲ್ಲ. ದೆಹಲಿಯ ತಳಿ ಮುಂದೆ ಸಾಗಿತು. ವೆಲ್ಲೂರಿನಲ್ಲಿ ಇದೇ ಜಿ10 ಬಗೆಯ ವೈರಾಣುಗಳು ನವಜಾತ ಶಿಶುಗಳಿಗೆ ಕಾಯಿಲೆ ತಂದದ್ದೂ ಅನಂತರ ಕಂಡುಬಂದುದರಿಂದ, ನಿರುಪದ್ರವಿ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕಾಗಿದೆ.

ಲಕ್ಷಣಗಳು ಮತ್ತು ಅಪಾಯದ ಗುರುತುಗಳು

ವೈರಾಣುಜನ್ಯ ಭೇದಿಯು ನೀರಿನಂತಿದ್ದು ಅದರಲ್ಲಿ ರಕ್ತವಿರುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಶಿಗೆಲ್ಲಾದಂಥ ಬ್ಯಾಕ್ಟೀರಿಯಾದ ಸಾಧ್ಯತೆ ಹೆಚ್ಚು, ಅದಕ್ಕೆ ಚಿಕಿತ್ಸೆಯೇ ಬೇರೆ. ವಾಂತಿ ಮೊದಲು ಬಂದು ಭೇದಿ ಅನಂತರ ಬರುವುದು ರೋಟಾವೈರಸ್ಸಿನಲ್ಲಿ ಸಾಮಾನ್ಯ. ಯಾವ ವೈರಾಣು ಎಂಬುದನ್ನು ಮಲಪರೀಕ್ಷೆಯಿಂದ ಮಾತ್ರ ಖಚಿತಪಡಿಸಿಕೊಳ್ಳಬಹುದು. ಆದರೆ ಚಿಕಿತ್ಸೆ ಎಲ್ಲಕ್ಕೂ ಒಂದೇ ಆದುದರಿಂದ ದಿನನಿತ್ಯದ ಆರೈಕೆಯಲ್ಲಿ ಪರೀಕ್ಷೆ ಅಗತ್ಯವಿರುವುದಿಲ್ಲ.

ಹಲ್ಲು ಹುಟ್ಟುವಾಗ ಭೇದಿಯಾಗುವುದು ಸಹಜವೆಂಬ ನಂಬಿಕೆ ಕೊಡಗಿನಲ್ಲಿಯೂ ಕರ್ನಾಟಕದ ಉಳಿದೆಡೆಗಳಲ್ಲಿಯೂ ಬಲವಾಗಿದೆ. ಹಲ್ಲು ಮೂಡುವ ಪ್ರಾಯವೂ ರೋಟಾವೈರಸ್ ತಗಲುವ ಪ್ರಾಯವೂ ಒಂದೇ ಆಗಿರುವುದೂ, ಆ ವಯಸ್ಸಿನ ಕೂಸು ಕೈಗೆ ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವುದೂ ಈ ನಂಬಿಕೆಗೆ ಆಧಾರವಾಗಿರಬೇಕು. ಹಲ್ಲಿನ ಭೇದಿಯೆಂದು ಎರಡು ದಿನ ಕಾಯುವುದರಿಂದ ಆಗುವ ಹಾನಿ ದೊಡ್ಡದು.

ಕಣ್ಣು ಗುಳಿಬೀಳುವುದು, ಅಳುವಾಗ ಕಣ್ಣೀರು ಬಾರದಿರುವುದು, ಬಾಯಿ-ನಾಲಗೆ ಒಣಗುವುದು, ಕೂಸಿನ ನೆತ್ತಿಯ ಸುಳಿ ಒಳಸರಿಯುವುದು, ಆರು ಗಂಟೆಯಾದರೂ ಮೂತ್ರ ಹೋಗದಿರುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಿನ ಸ್ಥಿತಿಗೆ ಬರುವುದು ನಿರ್ಜಲೀಕರಣದ ಗುರುತುಗಳು. ಮಗು ಮೊದಲು ಕಿರಿಕಿರಿ ಮಾಡುತ್ತ ಆಸೆಯಿಂದ ನೀರು ಕುಡಿಯುತ್ತದೆ. ನೀರಿನ ಕೊರತೆ ಇನ್ನೂ ಹೆಚ್ಚಾದಾಗ ಸುಮ್ಮನಾಗಿ, ಮಂಕಾಗಿ, ಕುಡಿಯಲಾರದಂತಾಗುತ್ತದೆ. ಅಳುತ್ತಿದ್ದ ಮಗು ಸುಮ್ಮನಾದುದನ್ನು ಗುಣವಾದುದೆಂದು ಭಾವಿಸುವುದು ಅಪಾಯಕರ. ಕುಡಿಯಲಾಗದ, ಕುಡಿದದ್ದನ್ನೆಲ್ಲ ವಾಂತಿ ಮಾಡುವ, ಮಂಪರಿನಲ್ಲಿರುವ, ಮಲದಲ್ಲಿ ರಕ್ತವಿರುವ ಮಗುವನ್ನೂ, ಎರಡು ತಿಂಗಳೊಳಗಿನ ಯಾವುದೇ ಕೂಸನ್ನೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಚಮಚದಿಂದ ಓ.ಆರ್.ಎಸ್. ಕೊಡುತ್ತಿರಬೇಕು; ಮಂಪರಿನಲ್ಲಿದ್ದು ನುಂಗಲಾಗದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು.

ಚಿಕಿತ್ಸೆ

ವೈರಾಣು ಎಷ್ಟೇ ಕೋಶಗಳನ್ನು ಕೆಡಿಸಿದರೂ ಕರುಳಿನಲ್ಲಿ ಸಕ್ಕರೆ ಮತ್ತು ಉಪ್ಪನ್ನು ಜೊತೆಜೊತೆಯಾಗಿ ಒಳಗೆಳೆದುಕೊಳ್ಳುವ ವ್ಯವಸ್ಥೆ ಸಾಕಷ್ಟು ಉಳಿದಿರುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ಓ.ಆರ್.ಎಸ್. ಅಥವಾ ಜೀವಜಲವು ಕೆಲಸ ಮಾಡುವುದು ಈ ತತ್ತ್ವದ ಮೇಲೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ, ವೈದ್ಯ ದಿಲೀಪ್ ಮಹಲನಬೀಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಅನೇಕರನ್ನು ಉಳಿಸಿದ್ದು ಇದರ ಚರಿತ್ರೆಯ ಮುಖ್ಯ ಘಟ್ಟ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡಿರುವ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು.

ಪೊಟ್ಟಣಗಳು ಎರಡು ಅಳತೆಗಳಲ್ಲಿ ಸಿಗುತ್ತವೆ: ಒಂದು ಲೀಟರಿನವು ಮತ್ತು 200 ಮಿಲಿಲೀಟರಿನವು. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಅತಿ ಉಪ್ಪಾಗಿ ಮಗುವಿಗೆ ಅಪಾಯವಾಗುತ್ತದೆ. ಸ್ವಲ್ಪ ಪುಡಿಯನ್ನು ಅಂದಾಜಿನಿಂದ ಹಾಕಿದರೆ ಪ್ರಯೋಜನವಾಗುವುದಿಲ್ಲ. ಇಡೀ ಪೊಟ್ಟಣವನ್ನು, ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದುದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡುವುದು ರೂಢಿ. ನಿರ್ಜಲೀಕರಣದ ಗುರುತು ಕಂಡರೆ ಆರೋಗ್ಯ ಕೇಂದ್ರದ ನಿಗಾದಲ್ಲಿ, ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಕುಡಿಸಲಾಗುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಮುಂದುವರಿಸಬೇಕು. ತೀವ್ರ ನಿರ್ಜಲೀಕರಣಕ್ಕೆ ರಕ್ತನಾಳದ ಮೂಲಕ ದ್ರವ ಕೊಡುವುದು ಅನಿವಾರ್ಯ.

ಜೊತೆಗೆ ಜಿಂಕ್ ಮಾತ್ರೆಯನ್ನು ಹದಿನಾಲ್ಕು ದಿನ ಕೊಡಬೇಕು: ಆರು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿಲಿಗ್ರಾಂ. ಭೇದಿ ಮೂರನೆಯ ದಿನವೇ ನಿಂತರೂ ಮಾತ್ರೆಯನ್ನು ಪೂರ್ತಿಗೊಳಿಸುವುದರಿಂದ ಮುಂದಿನ ತಿಂಗಳುಗಳಲ್ಲಿ ಭೇದಿ ಮರುಕಳಿಸುವುದು ಕಡಿಮೆಯಾಗುತ್ತದೆ.

ಆಂಟಿಬಯೋಟಿಕ್‌ಗಳು ವೈರಾಣುವಿನ ಮೇಲೆ ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಭೇದಿಯನ್ನು ಒಮ್ಮೆಲೇ ಕಟ್ಟುವ ಲೋಪರಮೈಡ್‌ನಂಥ ಮಾತ್ರೆಗಳನ್ನು ಎಳೆಯ ಮಕ್ಕಳಿಗೆ ಕೊಡಬಾರದು. ಪೇಟೆಯ ತಂಪು ಪಾನೀಯ, ಗ್ಲೂಕೋಸ್ ಪುಡಿಯ ಶರಬತ್ತುಗಳಲ್ಲಿ ಸಕ್ಕರೆ ಅತಿಯಾಗಿಯೂ ಉಪ್ಪು ಅತ್ಯಲ್ಪವಾಗಿಯೂ ಇರುವುದರಿಂದ ಅವು ಭೇದಿಯನ್ನು ಹೆಚ್ಚಿಸಬಲ್ಲವು. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಬಳಸುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಕೊಡಗಿನ ಮನೆಗಳಲ್ಲಿ ಸದಾ ಸಿಗುವ ಬೆಲ್ಲದ ಕರಿಕಾಫಿಯೂ ಭೇದಿಯಾದ ಮಗುವಿಗೆ ತಕ್ಕುದಲ್ಲ. ಪೊಟ್ಟಣ ಕೈಗೆ ಬರುವವರೆಗೆ ಚಿಟಿಕೆ ಉಪ್ಪು ಹಾಕಿದ ಅಕ್ಕಿ ಗಂಜಿಯ ತಿಳಿ, ಉಪ್ಪು ಬೆರೆಸಿದ ನೀರು ಮಜ್ಜಿಗೆ ಕೊಡಬಹುದು. ಆರು ತಿಂಗಳೊಳಗಿನ ಕೂಸಿಗೆ ಓ.ಆರ್.ಎಸ್. ಹೊರತು ಇವು ಯಾವುವೂ ಬೇಡ. ತಾಯಿಯ ಹಾಲನ್ನು ಇನ್ನಷ್ಟು ಸಲ ಕುಡಿಸಬೇಕು. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮಗುವನ್ನು ಉಪವಾಸ ಕೆಡವುವುದು ತಪ್ಪು. ಮೆದುವಾದ ಅನ್ನ, ಗಂಜಿ, ಬಾಳೆಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು.

ಲಸಿಕೆ

ಮೊದಲ ರೋಟಾವೈರಸ್ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ದೊರೆಯಿತು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಜಾರಿ ಸಿಕ್ಕಿಕೊಳ್ಳುವ ಅಪರೂಪದ ತೊಂದರೆ ಕೆಲವು ಶಿಶುಗಳಲ್ಲಿ ಕಂಡುದರಿಂದ ಮರುವರ್ಷವೇ ಅದನ್ನು ಹಿಂತೆಗೆಯಲಾಯಿತು. ಅನಂತರ ಬಂದ ಲಸಿಕೆಗಳು ಈ ದೃಷ್ಟಿಯಿಂದ ದೊಡ್ಡ ಸಂಖ್ಯೆಯ ಶಿಶುಗಳಲ್ಲಿ ಪರೀಕ್ಷೆಗೊಳಗಾದವು.

ದೆಹಲಿಯ 116ಇ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ತಯಾರಿಸಿದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ ಮತ್ತು ವೆಲ್ಲೂರಿನ 6,799 ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿಯನ್ನು ಅದು ಸುಮಾರು ಶೇ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಇತರ ಲಸಿಕೆಗಳು ತೋರಿದ ಶೇ 85ಕ್ಕೂ ಮೇಲ್ಪಟ್ಟ ರಕ್ಷಣೆಯೊಡನೆ ಹೋಲಿಸಿದರೆ ಇದು ಕಡಿಮೆಯೆನಿಸಬಹುದು. ಆದರೆ ಬಡ ದೇಶಗಳಲ್ಲಿ ಎಲ್ಲ ರೋಟಾವೈರಸ್ ಲಸಿಕೆಗಳೂ ಹೀಗೆಯೇ ತುಸು ಮಂದವಾಗಿ ಕೆಲಸ ಮಾಡುತ್ತವೆ. ಸಹಜ ಸೋಂಕಿನ ರಕ್ಷಣೆಯೂ ಇಲ್ಲಿ ಅಪೂರ್ಣ: ವೆಲ್ಲೂರಿನಲ್ಲಿ 373 ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಗಮನಿಸಿದ ಅಧ್ಯಯನದಲ್ಲಿ, ಮೂರು ಬಾರಿ ಸೋಂಕು ತಗಲಿದ ಮೇಲೂ ಮಧ್ಯಮ ಹಾಗೂ ತೀವ್ರ ಕಾಯಿಲೆಯಿಂದ ದೊರೆತ ರಕ್ಷಣೆ ಶೇ 79 ಮಾತ್ರ. ಕಾಯಿಲೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಅರ್ಧದಷ್ಟು ರಕ್ಷಣೆಯೂ ಸಾವಿರಾರು ಮಕ್ಕಳ ಲೆಕ್ಕವಾಗುತ್ತದೆ.

2016ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲಪ್ರದೇಶ ಮತ್ತು ಒಡಿಶಾಗಳಲ್ಲಿ ಸರಕಾರಿ ಕಾರ್ಯಕ್ರಮದ ಮೂಲಕ ಲಸಿಕೆ ಆರಂಭವಾಯಿತು. 2019ರ ಅಂತ್ಯದ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ದೇಶದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಪುಣೆಯ ಸೀರಂ ಸಂಸ್ಥೆಯ ರೋಟಾಸಿಲ್ ಎಂಬ ಇನ್ನೊಂದು ಲಸಿಕೆಯೂ ಬಳಕೆಯಲ್ಲಿದೆ. ಒಂಬತ್ತು ರಾಜ್ಯಗಳ 31 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಂತೆ, ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾವೈರಸ್ಸಿನ ಪಾಲು ಲಸಿಕೆಯ ಬಳಿಕ ಸುಮಾರು ಶೇ 40ರಿಂದ ಶೇ 20ರ ಆಸುಪಾಸಿಗೆ ಇಳಿಯಿತು.

ಲಸಿಕೆಯನ್ನು ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಇತರ ಲಸಿಕೆಗಳೊಡನೆ ಉಚಿತವಾಗಿ ಬಾಯಿಗೆ ಹಾಕಲಾಗುತ್ತದೆ. ಮೊದಲ ಸರತಿ ತಪ್ಪಿದ್ದರೆ ಒಂದು ವರ್ಷ ತುಂಬುವವರೆಗೂ ಆರಂಭಿಸಲು ಅವಕಾಶವಿದೆ. ಲಸಿಕೆಯ ಬಳಿಕ ಮಗು ಎಡೆಬಿಡದೆ ಅಳುತ್ತ, ವಾಂತಿ ಮಾಡುತ್ತ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ತೋರಿಸಬೇಕು. ಕೊಡಗಿನಲ್ಲಿ ಲಸಿಕೆ ತಪ್ಪುವ ಸಾಧ್ಯತೆ ಹೆಚ್ಚಿರುವುದು ಊರೂರು ಸುತ್ತುವ ಕಾರ್ಮಿಕರ ಮಕ್ಕಳಿಗೆ. ಮೊದಲ ಸರತಿ ಒಂದು ರಾಜ್ಯದಲ್ಲಿ, ಎರಡನೆಯದು ಕೊಡಗಿನ ತೋಟದಲ್ಲಿ, ಮೂರನೆಯದರ ಹೊತ್ತಿಗೆ ಕುಟುಂಬ ಮತ್ತೊಂದು ಕಡೆ ಹೊರಟಿರುತ್ತದೆ. ಯಾವ ರಾಜ್ಯದ ತಾಯಿ ಕಾರ್ಡ್ ಇದ್ದರೂ, ಕಾರ್ಡೇ ಇಲ್ಲದಿದ್ದರೂ ಮಗುವಿಗೆ ಇಲ್ಲಿಯೇ ಲಸಿಕೆ ಹಾಕಿಸಬಹುದು. ಮಕ್ಕಳ ಲಸಿಕೆಯ ವಿವರವನ್ನು ದೇಶದೆಲ್ಲೆಡೆ ನೋಡಲಾಗುವಂತೆ ದಾಖಲಿಸುವ ಯು-ವಿನ್ ಎಂಬ ಗಣಕ ವ್ಯವಸ್ಥೆ ಇಂಥ ಕುಟುಂಬಗಳಿಗೆ ವಿಶೇಷವಾಗಿ ನೆರವಾಗಬಲ್ಲದು.

ಮನೆಯ ಮಟ್ಟದಲ್ಲಿ ತಡೆ

ನೀರನ್ನು ಚೆನ್ನಾಗಿ ಕುದಿಸಿದರೆ ಈ ಎಲ್ಲ ವೈರಾಣುಗಳೂ ನಾಶವಾಗುತ್ತವೆ. ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಹಾಗೂ ಮಗುವಿಗೆ ಉಣಿಸುವುದಕ್ಕೆ ಮೊದಲು ಸೋಪಿನಿಂದ ಕೈತೊಳೆಯುವುದು ಮುಖ್ಯ. ಸ್ಯಾನಿಟೈಸರ್ ನೊರೊವೈರಸ್ಸಿನ ಮೇಲೆ ಅಷ್ಟಾಗಿ ಪರಿಣಾಮಕಾರಿಯಲ್ಲ. ವಾಂತಿ ಬಿದ್ದ ನೆಲವನ್ನು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಒರೆಸಬೇಕು. ಎಳೆಯ ಮಗುವಿನ ಮಲ ನಿರಪಾಯಕರವೆಂದು ಅಂಗಳದ ಮೂಲೆಗೋ ತೋಡಿಗೋ ಎಸೆಯುವ ರೂಢಿಯನ್ನು ಬಿಟ್ಟು ಶೌಚಾಲಯಕ್ಕೇ ಹಾಕಬೇಕು. ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡುವುದು ಭೇದಿಯ ತೀವ್ರತೆಯನ್ನು ತಗ್ಗಿಸುತ್ತದೆ. ಭೇದಿ ನಿಂತ ಬಳಿಕವೂ ಹಲವು ದಿನಗಳವರೆಗೆ ಮಗುವಿನ ಮಲದಲ್ಲಿ ವೈರಾಣು ಹೊರಬರುತ್ತಿರುವುದರಿಂದ ಈ ಎಚ್ಚರಿಕೆಗಳನ್ನು ಮುಂದುವರಿಸಬೇಕು; ಗುಣವಾಗಿ ಎರಡು ದಿನವಾದರೂ ಆಗುವವರೆಗೆ ಮಗುವನ್ನು ಅಂಗನವಾಡಿಗೆ ಕಳುಹಿಸದಿರುವುದು ಲೇಸು.